ಶನಿವಾರದ ಗರಗಸ

ಅಡುಗೆಮನೆಯ ಕಪಾಟಿಗೆಂದು ತಂದಿದ್ದ ಪ್ಲೈವುಡ್ ಹಾಳೆ ಒಂದೇ. ಅಷ್ಟಕ್ಕೆ ಆಚಾರಿ ಬರಲೊಪ್ಪಲಿಲ್ಲ. ನಾನೇ ಕೊಯ್ಯುವುದೆಂದು ತೀರ್ಮಾನಿಸಿ, ಹಳೆಯ ಪ್ಲೈವುಡ್ ತುಂಡೊಂದನ್ನು ಚೀಲದಲ್ಲಿಟ್ಟುಕೊಂಡು ತಿ. ನರಸೀಪುರದ ಕಬ್ಬಿಣದಂಗಡಿಗೆ ಹೋದೆ.

ಅಂಗಡಿಯವರು ದೊಡ್ಡ ಹಲ್ಲಿನ ಗರಗಸ ಕೊಟ್ಟರು. ತುಂಡಿನ ಮೇಲೆ ಎಳೆದು ನೋಡಿದೆ. ಅಂಚೆಲ್ಲ ಸಿಪ್ಪೆ ಎದ್ದಿತು. ಸಣ್ಣ ಹಲ್ಲಿನದು ಕೇಳಿದೆ. ಅದರ ಬೆಲೆಯೂ ಕಡಿಮೆ, ಅಂಚೂ ನುಣ್ಣಗೆ ಬಂತು.

"ಮೆಷೀನೇ ತಗೊಳ್ಳಿ ಅಮ್ಮಾ."

"ಒಂದು ಹಾಳೆಗೆ ಮೆಷೀನ್ ಯಾಕಪ್ಪ?"

"ಸರಿ ಬುಡಿ. ಶನಿವಾರ ಕಬ್ಬಿಣ ಕೇಳ್ಕೊಂಡು ಬಂದೋರು ನೀವೊಬ್ರೇ ಕಣಮ್ಮ."

ಶನಿವಾರ ಮನೆಗೆ ಕಬ್ಬಿಣ ತರಬಾರದೆಂದು, ಈಳಿಗೆಮಣೆ ತಂದ ಸೊಸೆಗೆ ಹೋದ ತಿಂಗಳಷ್ಟೇ ಅರ್ಧ ಗಂಟೆ ಬುದ್ಧಿ ಹೇಳಿದ್ದೆ. ಬಿ.ಎ. ಓದಿದ ನಾನೇ ವಾರ ಮರೆತಿದ್ದೆ. ಆದರೂ ಆ ಗರಗಸ ಬಿಟ್ಟು ಬರಲು ಮನಸ್ಸಾಗಲಿಲ್ಲ. ಪೇಪರಿನಲ್ಲಿ ಸುತ್ತಿಸಿಕೊಂಡೆ.

ಸೊಸೆ ಬಾಗಿಲಲ್ಲೇ ಕೇಳಿದಳು. "ಏನತ್ತೆ ಅದು?"

"ಗರಗಸ."

"ಕಬ್ಬಿಣದ್ದಾ?"

"ಹಿಡಿ ಮರದ್ದು."

ಅವಳು ದಾರಿ ಬಿಟ್ಟಳು. ಸಂಜೆ ನಾನು ಕೊಯ್ಯುವಾಗ ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡಳು. ಎಲ್ಲೂ ಸಿಪ್ಪೆ ಏಳಲಿಲ್ಲ.

ಮನೆಗೆ ಯಾವ ಸಾಮಾನು ಯಾವ ದಿನ ಬಂತೆಂದು ನಾನು ತಪ್ಪದೆ ಬರೆದಿಡುತ್ತೇನೆ. ಗರಗಸ ಸೋಮವಾರ ಬಂದಿದೆ.