ಅಂಗಿಯೊಳಗಿನ ಪಿಸ್ತೂಲಿಗೆ ಚೀಲ ಹೊಲಿದ ವಾರ

ಶ್ರೇಯಾ, ನಿತಿನ್, ಮೊನ್ನೆ ಸೋಮವಾರ ನಿಮ್ಮ ಅಪ್ಪ ಸೊಂಟಕ್ಕೆ ಕೈ ಕೊಟ್ಟುಕೊಂಡು ಹಜಾರದಲ್ಲಿ ಅತ್ತಿತ್ತ ನಡೆದದ್ದು ಬೆನ್ನುನೋವಿನಿಂದಲ್ಲ.

ನಿಮಗೆ ಹಾಗೆ ಹೇಳಿದವರು ನಾವೇ. ನಿತಿನ್ ಪಾಪ, ಫ್ರಿಜ್ಜಿನಿಂದ ಐಸ್ ತಂದು, "ಯೂಸ್ ದಿಸ್, ಪಪ್ಪಾ" ಅಂದ. ಅಪ್ಪ ಅದನ್ನು ಬೆನ್ನಿಗೆ ಒತ್ತಿಕೊಳ್ಳಲಾರದೆ ಕೈಯಲ್ಲೇ ಕರಗಿಸಿದ.

ಅವನ ಅಂಗಿಯ ಹಿಂದೆ ಇದ್ದದ್ದು ಒಂದು ಪಿಸ್ತೂಲು.

ಗಾಬರಿಯಾಗಬೇಡಿ. ಅದರಲ್ಲಿ ಗುಂಡಿರಲಿಲ್ಲ, ಈಗ ಅದು ಮನೆಯಲ್ಲೂ ಇಲ್ಲ. ಪ್ರತಿ ಶುಕ್ರವಾರ ನಿಮಗೆಂದು ಬರೆಯುವ ಈ ಪುಟದಲ್ಲಿ ನಿಮ್ಮ ಅಜ್ಜಿ ನಾನು ಮೀನಿನ ಬಗ್ಗೆ, ನಮ್ಮ ಕಟ್ಟಡದ ಕೆಟ್ಟ ಲಿಫ್ಟಿನ ಬಗ್ಗೆ ಬರೆಯುವವಳು. ಈ ವಾರ ಪಿಸ್ತೂಲು. ಏನು ಮಾಡಲಿ, ಮನೆಗೆ ಬಂದದ್ದು ಅದೇ. (ಮನೆಯಲ್ಲಿ ನಾವು ಆಡುವುದು ತುಳು. ನಿಮ್ಮ ಕನ್ನಡ ಓದು ತಪ್ಪಬಾರದೆಂದು ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನೀವು ಹೇಗೂ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ.)

ನಿಮ್ಮ ಅಪ್ಪ ಪ್ರತಿ ಗುರುವಾರ ಕಫೀಲರ, ಅಂದರೆ ಈ ಅರಬ್ ನಾಡಿನಲ್ಲಿ ನಮಗೆ ವೀಸಾ ಕೊಟ್ಟ ಧಣಿಯ, ಚಿನ್ನದ ಒಡವೆಗಳನ್ನು ಪೇಟೆಯ ವರ್ಕ್‌ಶಾಪಿನಿಂದ ಫಿಂಟಾಸಿನ ಅಂಗಡಿಗೆ ಒಯ್ಯುತ್ತಾನೆ. ಕಾರಿನಲ್ಲಿ ಒಬ್ಬನೇ. ಕಳೆದ ತಿಂಗಳು ಬೇರೊಂದು ಅಂಗಡಿಯವನನ್ನು ಯಾರೋ ಸಿಗ್ನಲ್ಲಿನಲ್ಲಿ ಎಳೆದು ಹಾಕಿ, ಕೈ ಮುರಿದು, ಬ್ಯಾಗು ಕಿತ್ತುಕೊಂಡು ಹೋದರು. ಅಂದಿನಿಂದ ನಿಮ್ಮ ಅಮ್ಮ ಗುರುವಾರ ಊಟ ಮಾಡುವುದಿಲ್ಲ. ನೀವು ಗಮನಿಸಿರಲಿಕ್ಕಿಲ್ಲ.

ಕಫೀಲ್ ಅಬು ಫಹದ್ ಅವರಿಗೂ ಚಿಂತೆ ಹತ್ತಿತು. ಒಳ್ಳೆಯ ಮನುಷ್ಯ. ಪ್ರಾಯದಲ್ಲಿ ಬೊಂಬಾಯಿಯಲ್ಲಿ ವ್ಯಾಪಾರ ಮಾಡಿದವರು, ಹಿಂದಿ ಮಾತಾಡುತ್ತಾರೆ. ಯುದ್ಧ ಮುಗಿದ ಮೇಲೆ ಇಲ್ಲಿ ಎಷ್ಟೋ ಮನೆಗಳ ಅಟ್ಟದಲ್ಲಿ ಬಂದೂಕು ಉಳಿದುಹೋಯಿತಲ್ಲ, ಅವರ ಮನೆಯಲ್ಲೂ ಉಳಿದಿತ್ತು. ಶನಿವಾರ ನೀವು ಟ್ಯೂಷನ್ನಿಗೆ ಹೋಗಿದ್ದಾಗ ಒಂದು ಬಿಸ್ಕತ್ತಿನ ಡಬ್ಬಿ ತಂದು ನಮ್ಮ ಊಟದ ಮೇಜಿನ ಮೇಲೆ ಇಟ್ಟರು. ಒಳಗೆ ಬಿಸ್ಕತ್ತಿರಲಿಲ್ಲ. ಮೂರು ಪಿಸ್ತೂಲುಗಳಿದ್ದವು.

"ತೀನ್ ಮೇಂ ಸೇ ಏಕ್ ಚುನೋ. ಕಪಡೇ ಕೇ ಅಂದರ್ ರಖೋ. ಕಿಸೀ ಕೋ ಮತ್ ಬೋಲೋ" ಅಂದರು. ಮೂರರಲ್ಲಿ ಒಂದನ್ನು ಆರಿಸಿಕೋ, ಬಟ್ಟೆಯೊಳಗೆ ಇಟ್ಟುಕೋ, ಯಾರಿಗೂ ಹೇಳಬೇಡ. ಅಷ್ಟು ಹೇಳಿ ಹೋದರು.

ನಿಮ್ಮ ಅಮ್ಮ ಮೇಜಿಗೆ ಪೇಪರು ಹಾಸಿದಳು. ಮೂವರೂ ಸುತ್ತ ಕೂತೆವು. ಸೀರೆ ಅಂಗಡಿಯಲ್ಲಿ ಕೂತ ಹಾಗೆಯೇ.

ಮೊದಲನೆಯದು ದೊಡ್ಡದು. ಅಪ್ಪನ ಕೈಗೆ ಚೆನ್ನಾಗಿ ಕೂತಿತು. ಆದರೆ ಅಂಗಿಯೊಳಗೆ ಇಟ್ಟರೆ ಸೊಂಟದಲ್ಲಿ ತೆಂಗಿನಕಾಯಿ ಸಿಕ್ಕಿಸಿಕೊಂಡ ಹಾಗೆ.

"ಕೋಟು ಹಾಕಿದ್ರೆ ಕಾಣುದಿಲ್ಲ" ಅಂದಳು ನಿಮ್ಮ ಅಮ್ಮ.

"ಈ ಸೆಕೆಗೆ ಕೋಟಾ ವನಿತಾ? ಪೊಲೀಸ್ ಬಿಡು, ಒಂಟೆ ಕೂಡ ತಿರುಗಿ ನೋಡ್ತದೆ."

ಎರಡನೆಯದು ತೀರ ಸಣ್ಣದು, ಸೋಪಿನ ಡಬ್ಬಿಯಷ್ಟು. ಎಲ್ಲಿಟ್ಟರೂ ಅಡಗುತ್ತದೆ. ಆದರೆ ಹಿಡಿಗೆ ಅಪ್ಪನ ಎರಡೇ ಬೆರಳು ಹಿಡಿದವು. ತಪ್ಪಿ ಗುಂಡು ಹಾರದಂತೆ ತಡೆಯುವ ಅದರ ಚಿಲಕವೋ, ತೆಗೆಯಲು ಎರಡೂ ಕೈ ಬೇಕು. ಹಾಗಾದರೆ ಸ್ಟಿಯರಿಂಗ್ ಹಿಡಿಯುವುದು ಯಾರು? ಅಡಗುವುದು ಕೈಗೆ ಕೂರುವುದಿಲ್ಲ, ಕೈಗೆ ಕೂರುವುದು ಅಡಗುವುದಿಲ್ಲ.

ಮೂರನೆಯದು ರಿವಾಲ್ವರ್. ನಡುವಿನಲ್ಲಿ ಗುಂಡು ತುಂಬುವ ಚಕ್ರ, ಸ್ವಲ್ಪ ಹೊಟ್ಟೆ ಬಂದವರ ಹಾಗೆ. ಆದರೆ ತೆಗೆಯಲು ಮರೆತುಹೋಗುವಂಥ ಚಿಲಕವೇ ಇಲ್ಲ. "ಇದೇ ಆದೀತು" ಅಂದ ಅಪ್ಪ. ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಿದರೆ ಜಾರಿ ಕೆಳಗೆ ಹೋಗುತ್ತಿತ್ತು. "ಅಮ್ಮ, ಒಳಗಿಂದ ಒಂದು ಚೀಲ ಹೊಲಿದು ಕೊಡ್ತಿಯಾ?"

ಹೊಲಿಗೆ ಅಂದರೆ ನನಗೆ ಇಲ್ಲ ಅನ್ನಲಿಕ್ಕೆ ಬರುವುದಿಲ್ಲ. ನಿಮ್ಮ ಅಮ್ಮನ ಹಳೆಯ ಹ್ಯಾಂಡ್‌ಬ್ಯಾಗಿನ ಚರ್ಮ ಕತ್ತರಿಸಿ, ಒಳಗೆ ದಪ್ಪ ಬಟ್ಟೆ ಕೊಟ್ಟು, ಪ್ಯಾಂಟಿನ ಹಿಂಭಾಗಕ್ಕೆ, ಬೆನ್ನುಮೂಳೆಯ ಕೆಳಗೆ ಸರಿಯಾಗಿ ಹೊಲಿದೆ. ಹಿಂಭಾಗಕ್ಕೇ ಏಕೆ? ನಾನು ಯೋಚಿಸಲೇ ಇಲ್ಲ. ಯಾರೂ ಕೇಳಲೂ ಇಲ್ಲ. ನಮ್ಮ ಊರಿನಲ್ಲಿ ಗದ್ದೆಗೆ ಹೊರಟ ಗಂಡಸು ಸೊಂಟದ ಹಿಂದೆ ಕೊಕ್ಕೆ ಕಟ್ಟಿ ಅದಕ್ಕೆ ಕತ್ತಿ ಸಿಕ್ಕಿಸಿಕೊಳ್ಳುತ್ತಾನೆ. ನಿಮ್ಮ ಅಜ್ಜ ಇದ್ದಷ್ಟು ದಿನವೂ ಹಾಗೆಯೇ. ಗಂಡಸಿನ ಮೈಮೇಲೆ ಕಬ್ಬಿಣಕ್ಕೆ ಜಾಗ ಅಂದರೆ ನನ್ನ ಕೈಗೆ ಗೊತ್ತಿರುವುದು ಅದೊಂದೇ.

ಸೋಮವಾರ ಅಪ್ಪ ಅದನ್ನು ಹಾಕಿಕೊಂಡು ನಿಂತ. ಏನೂ ಕಾಣಲಿಲ್ಲ. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು ಅನ್ನಿ.

ಅಷ್ಟರಲ್ಲಿ ಎದುರು ಫ್ಲ್ಯಾಟಿನ ಲಿಲ್ಲಿಬಾಯಿ ಪಾತ್ರೆ ಹಿಂದೆ ಕೊಡಲು ಬಂದರು. ಅವರು ನರ್ಸು. ಬಾಗಿಲಿನಿಂದಲೇ ಕೇಳಿದರು: "ಎಂಥ ಸದಾನಂದ, ಬೆನ್ನು ಹಿಡಿದಿದೆಯಾ? ನಾಲ್ಕು ಸಲ ಮುಟ್ಟಿ ನೋಡಿದಿ."

ಅಂಗಿ ಅಡಗಿಸಿತ್ತು, ಕೈ ಹೇಳಿಬಿಟ್ಟಿತು. ಟೌನ್ ಬಸ್ಸಿನಲ್ಲಿ ಸೊಂಟಕ್ಕೆ ಚಿನ್ನ ಸಿಕ್ಕಿಸಿಕೊಂಡ ಹೆಂಗಸರನ್ನು ನಾನು ನೋಡಿದ್ದೇನೆ. ಸ್ಟಾಪು ಬಂದಾಗಲೆಲ್ಲ ತಟ್ಟಿ ನೋಡಿಕೊಳ್ಳುತ್ತಾರೆ. ಕಳ್ಳ ನೋಡುವುದು ಆ ಕೈಯನ್ನು. ನಿಮಗೆ ಹೇಳಿದ ಬೆನ್ನುನೋವಿನ ಕಥೆ ಹುಟ್ಟಿದ್ದು ಹಾಗೆ, ಐಸ್ ಬಂದದ್ದೂ ಹಾಗೆಯೇ.

ನೀವು ಮಲಗಿದ ಮೇಲೆ ಅಪ್ಪ ಕಾರಿನಲ್ಲಿ ಕೂತು ನೋಡಲು ಕೆಳಗೆ ಹೋದ. ಬೇಗನೆ ಮೇಲೆ ಬಂದ.

"ಅಮ್ಮ, ಕೂತ್ರೆ ಬೆನ್ನುಮೂಳೆಗೇ ಒತ್ತುತ್ತದೆ. ಸೀಟ್ ಬೆಲ್ಟ್ ಹಾಕಿದ ಮೇಲೆ ಕೈ ಹಿಂದೆ ಹೋಗುದೇ ಇಲ್ಲ. ಕಳ್ಳನಿಗೆ ಸ್ವಲ್ಪ ನಿಲ್ಲು ಮಾರಾಯ, ಇಳಿದು ಬರ್ತೇನೆ ಅನ್ಬೇಕಷ್ಟೆ."

ಸರಿಯೇ. ಕತ್ತಿಯವರು ನಿಲ್ಲುತ್ತಾರೆ, ಬಗ್ಗುತ್ತಾರೆ, ಮರ ಹತ್ತುತ್ತಾರೆ. ಕೂರುವಾಗ ಕೊಕ್ಕೆ ಬಿಚ್ಚಿಡುತ್ತಾರೆ. ನನ್ನ ಮಗ ದಿನವಿಡೀ ಕೂತು ಕೆಲಸ ಮಾಡುವವನು. ನಾನು ಹೊಲಿದದ್ದು ನಿಂತ ಮನುಷ್ಯನಿಗೆ.

"ಹಾಗಾದ್ರೆ ಮುಂದೆ ಹೊಲಿ" ಅಂದ.

"ಮುಂದೆ ಬೇಡ" ಅಂದಳು ನಿಮ್ಮ ಅಮ್ಮ. ಅವಳು ಹೇಳಿದ ರೀತಿಗೆ ಯಾರೂ ಕಾರಣ ಕೇಳಲಿಲ್ಲ. ಈ ವಾರದಲ್ಲಿ ನಾವು ನಕ್ಕದ್ದು ಆಗಲೇ ಮೊದಲು.

ನಾನು ಚೀಲದ ಹೊಲಿಗೆ ಬಿಚ್ಚುತ್ತಾ ಕೂತೆ. ಬಿಚ್ಚುವಾಗ ಯೋಚನೆ ಬರುತ್ತದೆ. ನಮ್ಮ ಮನೆಯಲ್ಲೂ ಒಂದು ಕೋವಿ ಇತ್ತು. ಗೆಣಸಿನ ಗದ್ದೆಗೆ ಬರುವ ಹಂದಿಗೆ. ಚಾವಡಿಯ ಗೋಡೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ತೂಗುತ್ತಿತ್ತು. ಲೈಸೆನ್ಸಿನಲ್ಲಿ ಅಜ್ಜನ ಹೆಸರು. ಎಲೆಕ್ಷನ್ ಬಂತೆಂದರೆ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಅಜ್ಜ ಹೆಗಲ ಮೇಲಿಟ್ಟುಕೊಂಡು ಹೊರಟರೆ, "ಕೋವಿಗೂ ಓಟು ಉಂಟಾ?" ಎಂದು ದಾರಿಯುದ್ದಕ್ಕೂ ತಮಾಷೆ. ಕೋವಿ ಇದೆಯೆಂದು ಊರಿಗೆಲ್ಲ ಗೊತ್ತಿತ್ತು. ಅದರ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು. ಇದೆಯೆಂದು ಯಾರಿಗೂ ಗೊತ್ತಿಲ್ಲದ ಪಿಸ್ತೂಲು ಯಾರನ್ನು ಹೆದರಿಸಬೇಕು?

"ಪೊಲೀಸರಿಗೆ ಸಿಕ್ಕಿದ್ರೆ?" ಎಂದು ಕೇಳಿದೆ.

"ಸಿಕ್ಕುದಿಲ್ಲ."

"ಸಿಕ್ಕಿದ್ರೆ ಅಂತ ಅತ್ತೆ ಕೇಳಿದ್ದು" ಅಂದಳು ನಿಮ್ಮ ಅಮ್ಮ.

 ಹೊರಗಿನಿಂದ ಬಂದ ನಮ್ಮಂಥವರಿಗೆ ಇಲ್ಲಿ ಅದಕ್ಕೆ ಲೈಸೆನ್ಸೂ ಇಲ್ಲ, ಕ್ಷಮೆಯೂ ಇಲ್ಲ. ಮೊದಲು ಜೈಲು, ಆಮೇಲೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದು, ಆಮೇಲೆ ವಿಮಾನ. ನಿಮ್ಮ ಶಾಲೆಯೂ ಖಲಾಸ್.

"ಆದ್ರೆ ಕೈ ಮುರಿದವನ ಹೆಂಡತಿ ನಮ್ಮ ಕ್ಲಿನಿಕ್ಕಿಗೇ ಬಂದಿದ್ಲು ಅತ್ತೆ" ಅಂದಳು ನಿಮ್ಮ ಅಮ್ಮ. "ಅವಳ ಮುಖ ನಾನು ನೋಡಿದ್ದೇನೆ. ನಂಗೆ ಅದೂ ಬೇಡ, ಇದೂ ಬೇಡ."

ಇದೂ ಬೇಡ ಎಂದು ಕಫೀಲರಿಗೆ ಹೇಳುವುದು ಹೇಗೆ? ಅನ್ನ ಕೊಡುವವರು ಅಕ್ಕರೆಯಿಂದ ತಂದದ್ದು.

ಬುಧವಾರ ಸಂಜೆ, ನೀವು ಟ್ಯೂಷನ್ನಿನಲ್ಲಿದ್ದಾಗ, ಅಬು ಫಹದ್ ಚಹಾಕ್ಕೆ ಬಂದರು. ನಾನು ಹೊರಗಿನವರ ಮುಂದೆ ಬರುವವಳಲ್ಲ, ನಿಮಗೆ ಗೊತ್ತು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಅಪ್ಪ ಬೇಡವೆನ್ನಲಾರದೆ, ರಿವಾಲ್ವರ್ ಪರವಾಗಿಲ್ಲ, ಇಡುವ ಜಾಗ ಮಾತ್ರ ಹುಡುಕಬೇಕು ಎಂದು ಎಳೆಯುತ್ತಿದ್ದ. ಅಲ್ಲಿಗೆ ನನಗೆ ಬಾಯಿ ಮುಚ್ಚಿ ನಿಲ್ಲಲಾಗಲಿಲ್ಲ.

"ಸದಾ, ಒಂದು ಕೇಳು. ಪೊಲೀಸರು ಹಿಡಿದ್ರೆ ಅದು ಯಾರದ್ದು ಅಂತ ಇವರು ಹೇಳ್ತಾರೆ?"

ಅಪ್ಪ ಅದನ್ನು ಅವರಿಗೆ ದಾಟಿಸಲಿಲ್ಲ. ಅಬು ಫಹದ್ ಬಾಗಿಲ ಕಡೆ ನೋಡಿದರು. "ಅಮ್ಮಾ ಕ್ಯಾ ಬೋಲಾ?"

"ಚಹಾಕ್ಕೆ ಸಕ್ಕರೆ ಸಾಕಾ ಅಂತ ಕೇಳ್ತಿದ್ದಾರೆ" ಎಂದು ಹಿಂದಿಯಲ್ಲಿ ಹೇಳಿದ ನನ್ನ ಮಗ.

ನಿಮ್ಮ ಅಮ್ಮ ಟ್ರೇ ಕೆಳಗಿಟ್ಟಳು. "ಅಮ್ಮ ಸಕ್ಕರೆ ಕೇಳಲಿಲ್ಲ" ಎಂದು, ನಾನು ಕೇಳಿದ್ದನ್ನು ಕ್ಲಿನಿಕ್ಕಿನಲ್ಲಿ ಕಲಿತ ತನ್ನ ಹಿಂದಿಯಲ್ಲಿ ನೆಟ್ಟಗೆ ಕೇಳಿದಳು.

  ಅಬು ಫಹದ್ 'ನನ್ನದು ಅನ್ನುತ್ತೇನೆ' ಎಂದು ಹೇಳಿಬಿಡಬಹುದಿತ್ತು. ಹೇಳಲಿಕ್ಕೆ ಏನು ಖರ್ಚು? ಆದರೆ ಅವರು ಲೋಟ ಕೆಳಗಿಟ್ಟರು.

"ಸಚ್ ಬೋಲೂಂ, ಅಮ್ಮಾ? ಮೇರಾ ಭೀ ಬಚ್ಚಾ ಲೋಗ್ ಹೈ. ಮೈಂ ಬೋಲೂಂಗಾ, ಮಾಲೂಮ್ ನಹೀಂ."

ನನಗೂ ಮಕ್ಕಳಿದ್ದಾರೆ. ನನಗೆ ಗೊತ್ತಿಲ್ಲ ಅನ್ನುತ್ತೇನೆ.

ಕೆಲಸದವನ ಮನೆಯಲ್ಲಿ, ಅವನ ತಾಯಿಯೆದುರು ಇಷ್ಟು ನಿಜ ಹೇಳುವ ಧಣಿಗಳು ಎಷ್ಟು ಮಂದಿ? ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಮೂರನ್ನೂ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, "ಖಲಾಸ್" ಅಂದರು.

"ನಾಳೆ ಚಿನ್ನ ಒಯ್ಯುದು ಯಾರು?" ಎಂದು ಅಪ್ಪ ಮೆಲ್ಲಗೆ ಕೇಳಿದ.

"ತುಮ್" ಅಂದರು ಅಬು ಫಹದ್. ಡಬ್ಬಿ ಹಿಡಿದು ಬಾಗಿಲಿಗೆ ಹೋದವರು ತಿರುಗಿ ನಿಂತರು. "ಔರ್ ಮೈಂ."

ನಿನ್ನೆ ಹೋಗಿ ಬಂದರು. ಬಿಳಿ ನಿಲುವಂಗಿ ಹಾಕಿದ ಆ ದೊಡ್ಡ ಮನುಷ್ಯ ಮುಂದಿನ ಸೀಟಿನಲ್ಲಿ, ಯಾರಿಗೂ ಕಾಣುವ ಹಾಗೆ. ಕಾರು ತಿರುಗಿ ಬರುವವರೆಗೆ ನಿಮ್ಮ ಅಮ್ಮ ಬಾಲ್ಕನಿಯಲ್ಲೇ ಇದ್ದಳು. ನಮ್ಮ ಬಡಾವಣೆ ಮೈದಾನ್ ಹವಲ್ಲಿಯ ಅಷ್ಟೂ ಕಾರುಗಳಲ್ಲಿ ಒಂದರ ಸದ್ದು ಗುರುತಿಸುವುದು ಅವಳಿಂದಲೇ ಸಾಧ್ಯ. ಅಪ್ಪ ಮೇಲೆ ಬಂದವನೇ, "ಫಿಂಟಾಸ್‌ವರೆಗೂ ಬೊಂಬಾಯಿ ಕಥೆ ಅಮ್ಮ, ಕಳ್ಳರೇ ವಾಸಿ" ಅಂದ. ಅವಳು ಅವನ ತಟ್ಟೆಯ ಪಕ್ಕದಲ್ಲಿ ತನ್ನದನ್ನೂ ಇಟ್ಟು ಉಂಡಳು.

ಇನ್ನು ಕಳ್ಳರು ಬರುವುದೇ ಇಲ್ಲವೇ? ಬರಬಹುದು. ನಾನು ಹೇಗೆ ಹೇಳಲಿ? ಆದರೆ ಚಿನ್ನ ಯಾರದ್ದೋ ಅವರೂ ಈಗ ಆ ಕಾರಿನಲ್ಲಿದ್ದಾರೆ.

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಮುಂದೆ ನಿಮಗೂ ಯಾರಾದರೂ ಪ್ರೀತಿಯಿಂದಲೇ ಏನನ್ನೋ ಕೊಟ್ಟು, ಒಳಗೆ ಇಟ್ಟುಕೋ, ಯಾರಿಗೂ ಹೇಳಬೇಡ ಎನ್ನಬಹುದು. ಅವತ್ತು ನಾನು ಬಾಗಿಲ ಮರೆಯಲ್ಲಿ ಇರುವುದಿಲ್ಲ. ನೀವೇ ಕೇಳಬೇಕು, ಸಿಕ್ಕಿಬಿದ್ದರೆ ಇದು ಯಾರದ್ದು?