ತಪ್ಪು ಫೈಲಿನಲ್ಲಿದ್ದ ಹಾಳೆ

ಹೊಸ ಸುತ್ತೋಲೆ ಬಂದರೆ ಚಂದ್ರಪ್ರಭಾ ಮೊದಲು ನೋಡುತ್ತಿದ್ದದ್ದು ಅದರ ಕೊನೆಯ ಸಾಲನ್ನು. ಒಪ್ಪಿಗೆ ಕೊಟ್ಟವರು ಯಾರು, ಯಾವ ಸಭೆಯಲ್ಲಿ? ವಿಷಯ ಆಮೇಲೆ. ಹಾಸನದಿಂದ ಟೈಪಿಸ್ಟ್ ಆಗಿ ದೆಹಲಿಗೆ ಬಂದ ಆಕೆ ಈಗ ವಿಶ್ವವಿದ್ಯಾಲಯವೊಂದರ ಪಿಎಚ್.ಡಿ. ವಿಭಾಗದ ಸೆಕ್ಷನ್ ಆಫೀಸರ್. ನಿವೃತ್ತಿಗೆ ಎರಡು ತಿಂಗಳಿತ್ತು.

ಆಕೆಯ ಬೀರುವಿನಲ್ಲಿ ಮೂರು ಫೈಲುಗಳು. ಹೊಸಬರಿಗೆ ಅವನ್ನು ತೋರಿಸಿಯೇ ಪಾಠ. "ಕೆಂಪು, ಪಾಲಿಸಿ. ಅಕಾಡೆಮಿಕ್ ಕೌನ್ಸಿಲ್ ಸಭೆ ಸೇರಿ ಮಾಡಿದ್ದು, ಕೌನ್ಸಿಲ್ಲೇ ಬದಲಾಯಿಸ್ಬೇಕು. ಹಸಿರು, ಪ್ರೊಸೀಜರ್. ಕಾಗದ ಯಾವ ಮೇಜಿಂದ ಯಾವ ಮೇಜಿಗೆ ಹೋಗ್ಬೇಕು ಅನ್ನೋದು. ಬಿಳಿ, ಗೈಡ್‌ಲೈನ್. ಬರೀ ಸಲಹೆ. ಅದನ್ನ ಪಾಲಿಸಲಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಬಾರದು."

೨೦೦೭ರ ಜೂನ್ ಕೊನೆಯ ದಿನ, ಮಧ್ಯಾಹ್ನ ಮೂರಕ್ಕೆ, ವೈಜಯಂತಿ ಎಂಬ ಸಂಶೋಧಕಿ ಪ್ರಬಂಧದ ಐದು ಪ್ರತಿ ಹೊತ್ತು ಬಂದಳು. ನೋಯ್ಡಾದಲ್ಲಿ ಬೆಳೆದ ಕನ್ನಡದ ಹುಡುಗಿ. ಆರು ವರ್ಷದ ಗಡುವು ಅಂದೇ ಐದು ಗಂಟೆಗೆ ಮುಗಿಯುತ್ತಿತ್ತು. ತಪ್ಪಿದರೆ ನೋಂದಣಿಯೇ ರದ್ದು. ಗುಮಾಸ್ತ ದತ್ತಾತ್ರೇಯ ಪುಟ ತಿರುವಿ ತಲೆಯಾಡಿಸಿದ.

"ಎರಡೂ ಕಡೆ ಪ್ರಿಂಟ್ ಮಾಡ್ಸಿದ್ದೀರಲ್ಲಮ್ಮ. ಒಂದೇ ಕಡೆ ಇರ್ಬೇಕು. ತಗೊಳ್ಳೋಕಾಗಲ್ಲ."

"ಅಂಕಲ್, ಕರೋಲ್ ಬಾಗ್ ಬೈಂಡರ್ ಭಯ್ಯಾ ಮತ್ತೆ ಮಾಡೋಕೆ ದೋ ದಿನ್, ಎರಡು ದಿನ ಬೇಕು ಅಂತಾನೆ. ಪ್ಲೀಸ್!"

ದತ್ತಾತ್ರೇಯ ಚಂದ್ರಪ್ರಭಾರ ಮೇಜಿನತ್ತ ತಿರುಗಿ ನಕ್ಕ. "ಕಾಗದ ಉಳಿಸೋಕೆ ಹೋಗಿ ಪದವಿ ಕಳ್ಕೋತಾರೆ ನೋಡಿ, ಮೇಡಂ."

ಚಂದ್ರಪ್ರಭಾ ನಗಲಿಲ್ಲ. "ಆ ನಿಯಮ ಎಲ್ಲಿದೆ, ತೋರಿಸಿ."

"ಕೆಂಪು ಫೈಲಲ್ಲೇ ಇದೆಯಲ್ಲ, ಮೇಡಂ. ನೀವೇ ಕಲಿಸಿದ್ದು."

ಇತ್ತು. ಆರು ವರ್ಷದ ಗಡುವಿನ ನಿರ್ಣಯದ ಹಿಂದೆ ಪಿನ್ ಹೊಡೆದಿದ್ದ ಒಂದು ಹಾಳೆ. ಚಂದ್ರಪ್ರಭಾ ಅದರ ಕೊನೆಯ ಸಾಲು ನೋಡಿದರು. ಸಭೆಯ ತಾರೀಖಿಲ್ಲ, ನಿರ್ಣಯದ ಸಂಖ್ಯೆಯಿಲ್ಲ. ಓದಲು ಅನುಕೂಲವೆಂದು ಗ್ರಂಥಾಲಯ ಸಮಿತಿ ಕೊಟ್ಟಿದ್ದ ಸಲಹೆ ಅದು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ: 'ಇದನ್ನೂ ಇಲ್ಲೇ ಸೇರಿಸಿ, ೧೯೯೯.' ಕೈಬರಹ ಚಂದ್ರಪ್ರಭಾ ಅವರದೇ. ಆ ವರ್ಷ ವಿಭಾಗದ ನಿಯಮಗಳ ಕೈಪಿಡಿ ಸಿದ್ಧಪಡಿಸಿದ ಅವಸರದ ವಾರ ನೆನಪಾಯಿತು.

ದತ್ತಾತ್ರೇಯನೂ ನೋಡಿದ. ದನಿ ತಗ್ಗಿಸಿ, "ಮೇಡಂ, ಸುಮ್ನೆ ಕಿತ್ತು ಬಿಳಿ ಫೈಲಿಗೆ ಹಾಕ್ಬಿಡಿ. ಹುಡುಗಿ ಕೆಲಸವೂ ಆಗುತ್ತೆ. ಯಾರ್ ಕೇಳ್ತಾರೆ?" ಎಂದ.

"ಎಂಟು ವರ್ಷದಿಂದ ಯಾರ್ಯಾರನ್ನ ವಾಪಸ್ ಕಳಿಸಿದೀವೋ, ಅವ್ರು ಕೇಳ್ಬಹುದು."

ಆಕೆ ಅರ್ಧ ಪುಟದ ಟಿಪ್ಪಣಿ ಬರೆದರು. ಗಡುವು ನೀತಿ, ಸಡಿಲಿಸುವಂತಿಲ್ಲ. ಐದು ಪ್ರತಿ ಮತ್ತು ಮಾರ್ಗದರ್ಶಕರ ಸಹಿ ಕಾರ್ಯವಿಧಾನ, ಎರಡೂ ಸರಿಯಾಗಿವೆ. ಮುದ್ರಣದ ಮಾತು ಕೇವಲ ಸಲಹೆ. ಅದನ್ನು ತಪ್ಪು ಫೈಲಿಗೆ ಸೇರಿಸಿದ್ದು ನಾನು. ಕೆಳಗೆ ಪೂರ್ತಿ ಹೆಸರು.

ಉಪಕುಲಸಚಿವರು ಎರಡು ಸಲ ಓದಿದರು. "ಕೊನೆಯ ವಾಕ್ಯ ಬೇಕೇ? ರಿಟೈರ್ ಆಗೋ ಹೊತ್ತಿನಲ್ಲಿ?"

"ಇರಲಿ ಸರ್. ಇಲ್ಲದಿದ್ರೆ ಮುಂದೆ ಬರೋರು ಅದನ್ನ ಮತ್ತೆ ಅಲ್ಲೇ ಸೇರಿಸ್ತಾರೆ."

ಉಪಕುಲಸಚಿವರು ಒಪ್ಪಿ ಸಹಿ ಹಾಕಿದರು. ನಾಲ್ಕು ಐವತ್ತಕ್ಕೆ ದತ್ತಾತ್ರೇಯ ಐದೂ ಪ್ರತಿಗಳ ಮೇಲೆ ಅಂದಿನ ತಾರೀಖಿನ ಮೊಹರು ಒತ್ತಿದ. ವೈಜಯಂತಿ ರಸೀದಿ ಹಿಡಿದು, "ಥ್ಯಾಂಕ್ಯೂ ಆಂಟಿ" ಎಂದು ಕಣ್ಣೊರೆಸಿಕೊಂಡು ಹೋದಳು.

ಚಂದ್ರಪ್ರಭಾ ಪಿನ್ ತೆಗೆದು ಹಾಳೆಯನ್ನು ಬಿಳಿ ಫೈಲಿಗೆ ಸೇರಿಸಿದರು. ನಂತರ ವಾಪಸು ಕಳಿಸಿದ ಪ್ರಬಂಧಗಳ ರಿಜಿಸ್ಟರ್ ತರಿಸಿ, ೧೯೯೯ರಿಂದ ಇದೇ ಕಾರಣಕ್ಕೆ ವಾಪಸಾದವರ ಹೆಸರುಗಳನ್ನು ಪಟ್ಟಿ ಮಾಡತೊಡಗಿದರು.