ನನ್ನ ರಕ್ಷಣೆಯ ತಾರೀಖು

ಮಗಳಿಗೆ ಮದುವೆಯಾಗಿ ಎಂಟು ವರ್ಷದ ಮೇಲೆ ಕೂಸು ಹುಟ್ಟಿತು. ಹೆಣ್ಣು ಕೂಸು. ಆಗಷ್ಟೇ ಎಂಬತ್ತರ ದಶಕ ಶುರುವಾಗಿತ್ತು. ನಾವು ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಖೋಲಿಯ ಮನೆಯಲ್ಲಿದ್ದೆವು. ದವಾಖಾನೆಯಲ್ಲಿ ಕೂಸನ್ನು ಕೈಗೆ ಕೊಟ್ಟಾಗ ನಾನೇನು ಮಾಡಿದೆನೋ ನನಗೆ ನೆನಪಿಲ್ಲ. ನೋಡಿದವರು ಹೇಳುವಂತೆ, ನರ್ಸಮ್ಮನ ಎರಡೂ ಕೆನ್ನೆಗೆ ಮುತ್ತು ಕೊಟ್ಟೆನಂತೆ. ಓಣಿಗೆಲ್ಲ ಕುಂದಾ ಹಂಚಿದೆ. ಬಳೆ ಮಾರುವ ಚಾಚಾನಿಗೆ ಕೊಟ್ಟದ್ದು ಮರೆತು ಮತ್ತೆ ಕೊಟ್ಟೆ, ಮರುದಿನ ಮತ್ತೂ ಕೊಡಹೋದೆ. ಅವನು, "ಅಕ್ಕಾ, ದಿನಾ ಒಂದೊಂದು ಮೊಮ್ಮಗಳು ಹುಟ್ಟಾಕತ್ತಾಳೇನ್ರಿ ನಿಮಗ?" ಎಂದು ಕೇಳಿದ.

ದೀಕ್ಷಾಸ್ನಾನ ಖಾನಾಪುರದಲ್ಲಿ, ಅಳಿಯನ ಊರಿನ ಸಣ್ಣ ಚರ್ಚಿನಲ್ಲಿ ಎಂದು ನಿಶ್ಚಯವಾಯಿತು. ಅಲ್ಲಿಯ ಪದ್ಧತಿಯಂತೆ ಮನೆಯ ಹಿರಿಯರೊಬ್ಬರು ಕೂಸನ್ನು ಎತ್ತಿಕೊಂಡು ನಿಂತು, ಅದರ ಪರವಾಗಿ "ನಂಬುತ್ತೇನೆ" ಎಂದು ಉತ್ತರ ಕೊಡಬೇಕು. ಆ ಹಕ್ಕು ನಿಜವಾಗಿ ಬೀಗಿತಿಯದು. ಆದರೆ ಅವರು ಮೊಣಕಾಲು ನೋವೆಂದು ಹೇಳಿ ನನಗೆ ಬಿಟ್ಟುಕೊಟ್ಟರು. ಅವರಿಗೆ ಅಷ್ಟು ದೊಡ್ಡ ಮನಸ್ಸಿದೆಯೆಂದು ಎಂಟು ವರ್ಷದಲ್ಲಿ ನನಗೆ ಗೊತ್ತಾಗಿರಲಿಲ್ಲ.

ಎಲ್ಲ ಸುರಳೀತ ನಡೆದಿತ್ತು. ಅಷ್ಟರಲ್ಲಿ ನಮ್ಮ ಬೆಳಗಾವಿಯ ಚರ್ಚಿಗೆ ದೂರದೂರಿನಿಂದ ಒಬ್ಬ ಬೋಧಕರು ಬಂದರು. ಹೆಸರಿಗೆ ಕ್ರೈಸ್ತರಾಗುವುದು ಬೇರೆ, ಖರೇ ನಂಬಿಕೆ ಬೇರೆ ಎಂದು ಒಂದೂವರೆ ತಾಸು ಹೇಳಿದರು. ಖರೇ ನಂಬಿಕೆ ಉಳ್ಳವರಿಗೆ ತಾವು ಪಾಪದಿಂದ ರಕ್ಷಣೆ ಹೊಂದಿದ ತಾರೀಖು ಗೊತ್ತಿರಲೇಬೇಕಂತೆ. ಆಮೇಲೆ ವಹಿ ಹಿಡಿದು ಬೆಂಚಿನಿಂದ ಬೆಂಚಿಗೆ ಬಂದು ಒಬ್ಬೊಬ್ಬರ ತಾರೀಖು ಕೇಳಿ ಬರೆದುಕೊಳ್ಳತೊಡಗಿದರು.

ನನಗೆಲ್ಲಿಯ ತಾರೀಖು? ನಂಬಿಕೆ ನನಗೆ ಒಂದು ದಿನ ಬಂದದ್ದಲ್ಲ. ನಾನು ಹುಟ್ಟುವ ಮೊದಲೇ ಅದು ಮನೆಯಲ್ಲಿತ್ತು, ಒರಳುಕಲ್ಲು ಇದ್ದ ಹಾಗೆ. ಆದರೆ ಬೋಧಕರು ಪೆನ್ನು ಹಿಡಿದು ಎದುರಿಗೇ ನಿಂತಿದ್ದರು. ನನಗೆ ಗೊತ್ತಿದ್ದದ್ದು ಜೀವನದಲ್ಲಿ ಒಂದೇ ತಾರೀಖು. ನಾನು ಎರಡನೆಯ ಇಯತ್ತೆಯ ತನಕ ಕಲಿತ ಸಾಲೆಯಲ್ಲಿ, ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ ಒಂದು ಎಂದು ಬರೆಯುತ್ತಿದ್ದರು. ಬಾಯಿಗೆ ಅದೇ ಬಂತು.

"ಜೂನ್ ಒಂದ್ರಿ."

ನನ್ನ ಬಾಜು ಕೂತ ಗೆಳತಿಯೂ ಅದೇ ಸಾಲೆಯವಳು. ತನ್ನದೂ ಅದೇ ದಿನ ಎಂದಳು. ಅವಳ ಆಚೆಗೆ ಮೂವರು, ಮೂವರೂ ಅದೇ ಸಾಲೆಯವರು. ಐದು ಸಲ ಒಂದೇ ತಾರೀಖು ಬರೆದ ಮೇಲೆ ಬೋಧಕರು ಮುಂದಿನವರನ್ನು ಕೇಳುವುದನ್ನೇ ಬಿಟ್ಟರು. ಇಸವಿ ಹೇಳಲು ನಮಗೆ ಬರಲಿಲ್ಲ, ಅವರೂ ಕೇಳಲಿಲ್ಲ. ಜೂನ್ ಒಂದರಂದು ಈ ಊರಿನ ಮೇಲೆ ಪವಿತ್ರಾತ್ಮನು ಮಳೆಯಂತೆ ಸುರಿದಿದ್ದಾನೆ ಎಂದು ವೇದಿಕೆಯ ಮೇಲೆ ಹೋಗಿ ಸಾರಿದರು, ಕಣ್ಣು ಒರೆಸಿಕೊಂಡರು. ಗಂಡಸರ ಕಡೆ ಕೂತಿದ್ದ ನನ್ನ ಯಜಮಾನರು ಕೆಮ್ಮು ಬಂದವರ ಹಾಗೆ ಬಾಯಿಗೆ ವಸ್ತ್ರ ಒತ್ತಿಕೊಂಡು ಹೊರಗೆ ಓಡಿದರು.

ನನಗೆ ನಗು ಬರಲಿಲ್ಲ. ಅಲ್ಲಿಯ ತನಕ ನನ್ನ ನಂಬಿಕೆ ಖರೆಯೋ ಅಲ್ಲವೋ ಎಂಬುದು ಬರೇ ಪ್ರಶ್ನೆಯಾಗಿತ್ತು. ಈಗ ಚರ್ಚಿನೊಳಗೇ ಕೂತು ಸುಳ್ಳು ಹೇಳಿದ ಮೇಲೆ ಉತ್ತರ ಸಿಕ್ಕಂತೆಯೇ ಆಯಿತಲ್ಲ! ಇಂಥವಳು ಕೂಸನ್ನು ಎತ್ತಿಕೊಂಡು ಅದರ ಪರವಾಗಿ "ನಂಬುತ್ತೇನೆ" ಎಂದರೆ ಅದು ನಡೆಯುತ್ತದೆಯೇ? ಎಂಟು ವರ್ಷ ಕಾದ ಮೇಲೆ ಬಂದ ಕೂಸಿನ ದೀಕ್ಷಾಸ್ನಾನ ನನ್ನಿಂದ ಕೆಟ್ಟರೆ?

ನಾಲ್ಕು ದಿನ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡೆ. ಪ್ರಾರ್ಥನೆಗೆ ಕೂತರೆ ಹಾಲು ಉಕ್ಕೀತೆಂಬ ಚಿಂತೆ. ಚರ್ಚಿನಲ್ಲಿ ಹಾಡುವಾಗ ನನ್ನ ಕಣ್ಣು ಮುಂದಿನವರ ಸೀರೆಯ ಅಂಚಿನ ಮೇಲೆ. ವೈರಿಯನ್ನು ಪ್ರೀತಿಸಬೇಕಂತೆ. ವೈರಿ ಅನ್ನುವಂಥವರು ನನಗೆ ಯಾರೂ ಇರಲಿಲ್ಲ, ಬೀಗಿತಿಯನ್ನು ಹಾಗೆ ಅನ್ನಬಾರದು. ಕಡೆಗೆ ಯಜಮಾನರ ಮುಂದೆ ಹೇಳಿಕೊಂಡೆ. ಅವರು ಫೌಂಡ್ರಿಯಲ್ಲಿ ಎರಕದ ಕೆಲಸದವರು. ಎರಕದ ಸಾಮಾನು ಗಟ್ಟಿಯಿದೆಯೋ ಒಳಗೆ ಬಿರುಕಿದೆಯೋ ಎಂದು ಸುತ್ತಿಗೆಯಿಂದ ಬಡಿದು, ಸಪ್ಪಳ ಕೇಳಿ ಹೇಳುತ್ತಾರಂತೆ. ಹಾಗೆಂದು ಹೇಳುತ್ತಲೇ ನನ್ನ ತಲೆಯ ಮೇಲೆ ಗೆಣ್ಣಿನಿಂದ ಎರಡು ಸಲ ಕುಟ್ಟಿ ಕಿವಿಗೊಟ್ಟರು.

"ಸಪ್ಪಳ ಏನೂ ಇಲ್ಲ. ಆದ್ರ ಗಟ್ಟಿ ಅಂತೂ ಐತಿ ನೋಡ."

ಅವರಿಂದ ಕೆಲಸವಾಗಲಿಲ್ಲ. ಶನಿವಾರ ಎಲ್ಲರೂ ರೈಲಿನಲ್ಲಿ ಖಾನಾಪುರಕ್ಕೆ ಹೋದೆವು. ನಾನು ಚಹಾ ಕೂಡ ಕುಡಿಯದೆ ಅಲ್ಲಿಯ ಸಭಾಪಾಲಕರ ಮನೆಗೆ ನಡೆದೆ. ಅಯ್ನೋರು ಹಿತ್ತಲಲ್ಲಿ ಬೆಂಡೆಗಿಡಕ್ಕೆ ನೀರು ಹಾಕುತ್ತಿದ್ದರು. ಜೂನ್ ಒಂದರಿಂದ ಹಾಲು ಉಕ್ಕುವ ತನಕ ಎಲ್ಲ ಹೇಳಿದೆ. ಅವರು ಸಮಾಧಾನ ಹೇಳುತ್ತಾರೆಂದು ನನ್ನ ಎಣಿಕೆ. ತಂಬಿಗೆ ಕೆಳಗಿಟ್ಟು ಅವರು ಅಂದದ್ದೇ ಬೇರೆ.

"ನಾ ತಾರೀಖು ಕೇಳೂದಿಲ್ರೀ ಅಮ್ಮಾರ. ನಂಬತೀರೋ ಇಲ್ಲೋ ಅಷ್ಟಽ ಕೇಳತೇನಿ. ನಂಬಿಗಿ ಇಲ್ಲ ಅನಸಿದ್ರ ಕೂಸಿನ್ನ ನಿಮ್ಮ ಬೀಗಿತಿ ಕೈಯಾಗ ಕೊಟ್ಟು ಬಾಜೂಕ ನಿಂದರ್ರಿ. ಅದರಾಗ ಸಣ್ಣತನ ಏನಿಲ್ಲ."

ಬೀಗಿತಿಯ ಕೈಗೆ! ಎದೆಗೆ ಒನಕೆ ಬಿದ್ದಂತಾಯಿತು. ಆದರೂ ಮತ್ತೆ ಸುಳ್ಳು ಹೇಳಬಾರದು, ಅದೂ ಕೂಸಿನ ಹೆಸರಿನಲ್ಲಿ. ಬೆಳಗಾಗುವಷ್ಟರಲ್ಲಿ ನಿರ್ಧಾರ ಮಾಡಿದೆ: ಕೊಟ್ಟುಬಿಡುವುದು.

ಮರುದಿನ ಚರ್ಚು ತುಂಬಿತ್ತು. ಅಯ್ನೋರು ಕರೆದಾಗ ಕೂಸನ್ನು ಎತ್ತಿಕೊಂಡು ಮುಂದೆ ಹೋದೆ. ಬೀಗಿತಿ ಬಾಜೂಕೇ ನಿಂತಿದ್ದರು. ಇನ್ನೇನು ಅವರ ಕಡೆ ತಿರುಗಬೇಕು, ಕೂಸು ಆಕಳಿಸಿತು. ಹಲ್ಲಿಲ್ಲದ ಆ ಪುಟ್ಟ ಬಾಯಿ ನೋಡಿ ನಾನು ಎಲ್ಲಿದ್ದೇನೆಂಬುದೇ ಮರೆತೆ. ಅಯ್ನೋರು ಪುಸ್ತಕ ತೆರೆದು, "ಆಕಾಶವನ್ನೂ ಭೂಮಿಯನ್ನೂ..." ಎಂದು ಶುರು ಮಾಡಿದ್ದರು ಅಷ್ಟೆ.

"ನಂಬತೇನ್ರೀ!"

ಚರ್ಚಿನ ಹಿಂದಿನ ಬೆಂಚಿನ ತನಕ ಕೇಳಿಸಿತಂತೆ. ಅಯ್ನೋರು ಕನ್ನಡಕದ ಮೇಲಿನಿಂದ ನೋಡಿ, ಪ್ರಶ್ನೆ ಇನ್ನೂ ಮುಗಿದಿಲ್ಲ ಎಂದರು. ಹೌದ್ರಿ, ನಂಬತೇನಿ ಎಂದೆ ಮತ್ತೆ. ಜನ ನಗತೊಡಗಿದರು. ಅವರು ಪ್ರಶ್ನೆ ಮುಗಿಸಿದಾಗ ಸರಿಯಾದ ಜಾಗದಲ್ಲಿ ಮೂರನೆಯ ಸಲ ಹೇಳಿದೆ.

ಆ ಮಾತನ್ನು ನಾನು ವಿಚಾರ ಮಾಡಿ ಹೇಳಿದ್ದಲ್ಲ. ಕೂಸು ಹುಟ್ಟಿದಂದಿನಿಂದ ಅಕ್ಕಿ ಆರಿಸುವಾಗ, ನಳದ ಮುಂದೆ ಕೊಡ ಹಿಡಿದು ನಿಂತಾಗ, "ಉಪಕಾರ ಆತಪಾ, ದೊಡ್ಡ ಉಪಕಾರ ಆತು" ಎಂದು ಹೇಳುತ್ತಲೇ ಇದ್ದೆ. ಯಾರಿಗೆ ಹೇಳುತ್ತಿದ್ದೇನೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗೊತ್ತಿತ್ತು.

ತಲೆಗೆ ನೀರು ಬಿದ್ದಾಗ ಕೂಸು ಚರ್ಚು ಹಾರಿಹೋಗುವಂತೆ ಅತ್ತಿತು. ನಾನೂ ಅತ್ತೆ. ಹೊರಗೆ ಬಂದಾಗ ಬೀಗಿತಿ ನನ್ನ ಸೆರಗು ಹಿಡಿದು ಜಗ್ಗಿದರು.

"ಅಯ್ನೋರು ಕೇಳಿದ್ದು ಒಂದಽ ಸಲ. ನೀವು ಮೂರು ಸಲ ಉತ್ತರಾ ಕೊಟ್ರಲ್ಲ, ಎರಡು ಹೆಚ್ಚಾದವು. ಅವು ಯಾರಿಗ್ರೀ?"

"ಒಂದು ನಿಮಗ ಇರಲಿ ತಗೋರಿ" ಎಂದು ಕೂಸನ್ನೂ ಅವರ ಕೈಗೆ ಕೊಟ್ಟೆ. ಬಹಳ ಹೊತ್ತೇನೂ ಕೊಡಲಿಲ್ಲ.